ಮಿಸ್ಸಬಾಯಿ ಎತ್ತಿದ ಕೂಸು

ಮೊನ್ನೆ ನನ್ನ ಮೊಮ್ಮಗಳು ಹಡೆದಳು. ಹೆಣ್ಣು ಕೂಸು. ಹುಬ್ಬಳ್ಳಿ ದವಾಖಾನೆಯಲ್ಲಿ ನರ್ಸಬಾಯಿ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಉಡಿಗೆ ಹಾಕಿದಾಗ ನನಗೆ ಹಿಗ್ಗು ತಡೆಯಲಾಗಲಿಲ್ಲ. ಮಗಳ ಮಗಳಿಗೆ ಮಗಳು! ಎಷ್ಟು ಜನಕ್ಕೆ ಈ ಭಾಗ್ಯ ಇರುತ್ತದೆ ಹೇಳಿರಿ. ಅಲ್ಲಿ ಕುಳಿತವರಿಗೆಲ್ಲ, ಗುರುತಿದ್ದವರಿಗೂ ಇಲ್ಲದವರಿಗೂ, ಸಕ್ಕರೆ ಹಂಚಿದೆ. ಬಾಗಿಲು ಕಾಯುವವನ ಬಾಯಿಗೂ ಹಾಕಹೋದೆ.

“ಬ್ಯಾಡ್ರಿ ಅಜ್ಜಿ, ನನಗ ಸಕ್ರಿ ಬ್ಯಾನಿ ಐತ್ರಿ,” ಅಂದ.

“ಇವತ್ತೊಂದಿನ ಆ ಬ್ಯಾನಿ ಸೂಟಿ ಮ್ಯಾಲೆ ಹೋಗೇತಿ, ತಗೋ,” ಅಂದೆ.

ಹಾಗೆ ನಗುನಗುತ್ತಲೇ ಕೂಸಿನ ತಲೆ ಮೂಸಿದೆ. ನಮ್ಮ ಕಡೆ ಮುದುಕಿಯರಿಗೆಲ್ಲ ಇದೊಂದು ಚಟ. ಹಸಿ ಕೂಸಿನ ವಾಸನೆ ಬರಬೇಕಿತ್ತು. ಬಂದದ್ದು ಔಷಧ ಹಾಕಿದ ಕೆಂಪು ಸಾಬೂನಿನ ವಾಸನೆ. ಐವತ್ತು ವರ್ಷದ ಹಿಂದೆ ನನ್ನ ಸ್ವಂತ ಕೂಸಿನ ತಲೆಯಿಂದ ಇದೇ ವಾಸನೆ ಬಂದಿತ್ತು. ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಪಕ್ಕದಲ್ಲಿ ನನ್ನ ಮಗಳು ತಿಪ್ಪವ್ವ ನಿಂತಿದ್ದಳು. ಅವಳೂ ಈಗ ಅಜ್ಜಿ.

“ಯವ್ವಾ, ನಕ್ಕೊಂತ ಇದ್ದಾಕಿ ಅಳಾಕತ್ತಿಯಲ್ಲ, ಏನಾತು?”

ಏನಾಯಿತು ಎಂದು ಅಲ್ಲಿ ನಿಂತು ಹೇಳುವಂಥದ್ದಲ್ಲ. ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಆದರೂ ಕುಳಿತು ಬರೆದೇ ಹೇಳುತ್ತೇನೆ.

ಅದು ದೊಡ್ಡ ಯುದ್ಧ ಶುರುವಾಗುವುದಕ್ಕಿಂತ ಮುಂಚಿನ ಮಾತು. ನಾವು ಯಲವಿಗಿಯಲ್ಲಿದ್ದೆವು. ಒಂದಿಷ್ಟು ಹೊಲ, ಅದರ ಜೊತೆಗೆ ನಮ್ಮ ಮನೆಯವರದೊಂದು ಸವಾರಿ ಗಾಡಿ. ರೈಲಿಗೆ ಬಂದಿಳಿದವರನ್ನು ಸವಣೂರಿಗೆ ಮುಟ್ಟಿಸುವುದು, ಅಲ್ಲಿಂದ ಯಾರಾದರೂ ಸಿಕ್ಕರೆ ಕರೆತರುವುದು. ಯುಗಾದಿ ಮುಗಿದು ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ದಿನ ಮಧ್ಯಾಹ್ನ ಅವರು ಮನೆಗೆ ಬಂದವರೇ ಎತ್ತು ಬಿಚ್ಚುವುದನ್ನೂ ಮರೆತು ಕಟ್ಟೆಯ ಮೇಲೆ ಕುಳಿತರು.

“ಕೇಳಿಲ್ಲಿ, ಇವತ್ತ ಒಬ್ಬಾಕಿ ಬಿಳಿ ಹೆಣ್ಮಗಳನ್ನ ಕರಕೊಂಡ ಹೋಗಿದ್ದೆ. ಸವಣೂರ ಮುಟ್ಟೂತನಕ ಅತ್ಕೊಂತ ಬಂದ್ಲು.”

“ಯಾಕಂತ್ರಿ?”

“ನನಗೇನ ಗೊತ್ತು? ಪಾದ್ರಿ ಸಾಹೇಬ್ರು ಸಾಮಾನಿನ ಗಾಡ್ಯಾಗ ಮುಂದ ಹೋಗಿದ್ರು. ಆಕಿ ಮಾತು ನನಗ ತಿಳೀಲಿಲ್ಲ, ನನ್ನ ಮಾತು ಆಕಿಗೆ ತಿಳೀಲಿಲ್ಲ. ಎತ್ತಿಗೆ ತಿಳದಿರಬೇಕು, ತಾವ ಸಾವಕಾಶ ನಡದ್ವು.” ಆಮೇಲೆ ತಾವೇ ನಕ್ಕರು. “ನನ್ನ ಕೊರಳಾಗಿನ ಬೆಳ್ಳಿ ಕರಡಗಿ ನೋಡಿ ನಶ್ಯದ ಡಬ್ಬಿ ಅಂತ ತಿಳದಾಳ. ಮೂಗಿಗೆ ಬೆರಳ ಹಚ್ಚಿ ಸೇದೂ ಹಂಗ ಮಾಡಿ ತೋರಿಸಿದ್ಲು!”

“ಶಿವಶಿವಾ!” ಒಳಗಿನಿಂದ ನಮ್ಮತ್ತೆ ಒದರಿದರು. “ಲಿಂಗ ಇಡೂ ಕರಡಗಿಗೆ ನಶ್ಯದ ಡಬ್ಬಿ ಅಂದ್ಲಾ? ನೀ ಗಾಡಿ ಇಳಸಬೇಕಿಲ್ಲಪಾ ಆಕಿನ್ನ!”

“ಅಳಾಕಿನ್ನ ಹೆಂಗ ಇಳಸ್ಲಿ ಯವ್ವಾ?”

ನಾವು ಆಕೆಯನ್ನು ಮಿಸ್ಸಬಾಯಿ ಎಂದು ಕರೆದೆವು. ಹೆಸರು ಬೇರೆ ಇತ್ತು, ನಮ್ಮ ನಾಲಿಗೆ ಅದಕ್ಕೆ ಹೊರಳಲಿಲ್ಲ. ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲು ಹತ್ತಿ ಬಂದವರು. ಬಾಣಂತಿಯರನ್ನು, ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಕಲಿತಿದ್ದರು. ಯೇಸುವಿನ ಹೆಸರಿನಲ್ಲಿ ಆ ಕೆಲಸ ಮಾಡಲು ಮನೆಮಾರು ಬಿಟ್ಟು ಬಂದಿದ್ದರು. ಸ್ವಲ್ಪ ದಿನಕ್ಕೆ ಗದಗಿನ ಕಡೆಯ ಶಾಂತಾಬಾಯಿ ಎಂಬ ಕ್ರಿಸ್ತರ ಹೆಣ್ಣುಮಗಳು ಅವರ ಜೊತೆಗೆ ಇರಲು ಬಂದರು. ಅವರು ಎರಡೂ ಭಾಷೆ ಬಲ್ಲವರು. ಮಿಸ್ಸಬಾಯಿ ಮೊದಮೊದಲು ಏನೇನು ಕಂಡು ಏನೇನು ತಿಳಿದುಕೊಂಡಿದ್ದರು ಎಂಬುದೆಲ್ಲ ನನಗೆ ಆಮೇಲೆ ಗೊತ್ತಾದದ್ದು ಈ ಶಾಂತಾಬಾಯಿಯಿಂದಲೇ.

ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಮಿಸ್ಸಬಾಯಿ, “ಇಲ್ಲಿಯ ಜನ ಎಂಥ ಭಕ್ತರು! ದಿನಾ ಮನೆಮನೆಯಲ್ಲಿ ಚಪ್ಪಾಳೆ ತಟ್ಟಿ ಪ್ರಾರ್ಥನೆ ಮಾಡುತ್ತಾರಲ್ಲ,” ಅಂದರಂತೆ. ಶಾಂತಾಬಾಯಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಅವರ ಕೈ ಹಿಡಿದು ಪಕ್ಕದ ಮನೆಯ ಒಲೆಯ ಮುಂದೆ ಕರೆದುಕೊಂಡು ಹೋಗಿ ಜೋಳದ ರೊಟ್ಟಿ ಬಡಿಯುವುದನ್ನು ತೋರಿಸಿದರು. ಮಿಸ್ಸಬಾಯಿಯೂ ನಕ್ಕರು. ಆದರೆ ಅವತ್ತೆಲ್ಲ ಸಪ್ಪಗಿದ್ದರಂತೆ. ಯಾಕೆ ಎಂದು ಕೇಳಿದರೆ, “ಆ ಸಪ್ಪಳ ಕೇಳಿ, ಇವರೂ ನನ್ನಂಥವರೇ ಎಂದು ಧೈರ್ಯ ಬಂದಿತ್ತು,” ಅಂದರಂತೆ.

ಧೈರ್ಯ ಬರುವಂಥದ್ದು ಬೇರೇನೂ ಇರಲಿಲ್ಲ. ಸವಣೂರಿನಲ್ಲಿ ಬಾಡಿಗೆ ಮನೆ ಹಿಡಿದು, ಔಷಧದ ಕಪಾಟು ಜೋಡಿಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ದಿನಾ ಬಾಗಿಲಲ್ಲಿ ಕೂರುವರು. ಯಾರೂ ಬರಲಿಲ್ಲ. ಹುಡುಗರು ಬಂದು ಇಣುಕಿ ನೋಡಿ, ಅವರು ಎದ್ದರೆ ಓಡಿಹೋಗುವರು. ಅವರ ಕೈಯ ನೀರು ಕುಡಿದರೆ ಜಾತಿ ಕೆಡುತ್ತದೆ, ಮುಟ್ಟಿಸಿಕೊಂಡರೆ ಕೂಸಿಗೆ ದೃಷ್ಟಿಯಾಗುತ್ತದೆ ಎಂದು ಊರೂರಿಗೆ ಮಾತು. ಆಗ ಅವರೇ ಸೈಕಲ್ಲು ಹತ್ತಿದರು. ಹಿಂದೆ ಬೆತ್ತದ ಬುಟ್ಟಿ ಕಟ್ಟಿಕೊಂಡು ಹಳ್ಳಿಹಳ್ಳಿಗೆ ಬರುವರು. ಹೆಂಗಸು ಸೈಕಲ್ಲು ಹೊಡೆಯುವುದನ್ನು ನೋಡಲು ನಾವೆಲ್ಲ ಬಾಗಿಲಿಗೆ ಬರುತ್ತಿದ್ದೆವು, ಹತ್ತಿರ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ನಾನೂ ಹಾಕಿಕೊಂಡವಳೇ. ಆಗ ನಾನು ದಿನ ತುಂಬುತ್ತಿದ್ದ ಬಸುರಿ.

ನನ್ನ ಕಥೆ ಇಷ್ಟು. ಮೊದಲ ಎರಡು ಬಾಣಂತನ ಹಿರೇಬೆಂಡಿಗೇರಿಯಲ್ಲಿ, ನನ್ನ ತವರಿನಲ್ಲಿ ಆದವು. ಎರಡೂ ಗಂಡು, ಎರಡೂ ಉಳಿಯಲಿಲ್ಲ. ಒಂದು ತೊಟ್ಟಿಲಿಗೆ ಹಾಕುವ ಮುಂಚೆ ಹೋಯಿತು. ಇನ್ನೊಂದು ನನ್ನ ಮುಖ ನೋಡಿ ನಗುವುದನ್ನು ಕಲಿತ ಮೇಲೆ ಜ್ವರ ಬಂದು ಹೋಯಿತು. ನಗುವುದನ್ನು ಕಲಿಯದೇ ಹೋದದ್ದನ್ನು ಹೇಗೋ ಮರೆಯಬಹುದು. ಮೂರನೆಯದಕ್ಕೆ ನಮ್ಮತ್ತೆ, “ತವರಿಗೆ ಕಳಸೂದಿಲ್ಲ. ಈ ಸಲ ನಾ ನೋಡ್ಕೊಂತೇನಿ,” ಅಂದರು. ಆಷಾಢದ ಮಳೆಯಲ್ಲಿ ಯಲವಿಗಿಯಲ್ಲೇ ಹೆಣ್ಣು ಹುಟ್ಟಿತು.

ಕೂಸು ಉಳಿಯದ ಮನೆಯಲ್ಲಿ ನಮ್ಮ ಕಡೆ ಒಂದು ಪದ್ಧತಿ ಇದೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಬೆಳಗ್ಗೆ ತಿಪ್ಪೆಯ ಮೇಲೆ ಇಟ್ಟು ಬರುವುದು. ಇಟ್ಟವರು ಒಳಗೆ ಹೋಗಿ ಹಿತ್ತಲ ಬಾಗಿಲು ಹಾಕಿಕೊಳ್ಳಬೇಕು, ಇಣುಕಬಾರದು. ಬೇಕಿಲ್ಲದ ಕೂಸು, ಚೆಲ್ಲಿದ್ದೇವೆ ಎಂದು ಸಾವಿಗೆ ತೋರಿಸುವುದು. ಆಮೇಲೆ ಬೇರೆ ಮನೆಯ, ಬೇರೆ ಕುಲದ ಒಬ್ಬಳು ಬಂದು ಅದನ್ನು ಎತ್ತಿಕೊಂಡು ಮುಂಬಾಗಿಲಿಗೆ ಹೋಗಿ, ಕೂಸು ಸಿಕ್ಕಿದೆ, ಕೊಳ್ಳುವವರಿದ್ದೀರೇನು ಎಂದು ಕೂಗಬೇಕು. ಹಡೆದವಳು ಗುರುತಿಲ್ಲದವಳ ಹಾಗೆ ಬಂದು ಹಿಡಿ ತವಡು ಕೊಟ್ಟು ಕೊಳ್ಳಬೇಕು. ಕಾಳೇ ಆಗಲಿ ತವಡೇ ಆಗಲಿ, ಕೊಟ್ಟವರದು ಕೂಸು, ತೆಗೆದುಕೊಂಡವರಿಗೆ ಹಕ್ಕು ಹೋಯಿತು. ಬಳೆ ಮಾರುವ ಹುಸೇನವ್ವನಿಗೆ ನಮ್ಮತ್ತೆ ಮೊದಲೇ ಹೇಳಿಟ್ಟಿದ್ದರು.

ಪುರುಡು ಕಳೆದ ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಹಿತ್ತಲಾಚೆ ದಾರಿಗೆ ಹತ್ತಿದ ತಿಪ್ಪೆಯ ಮೇಲೆ ನಾನೇ ಮೊರ ಇಟ್ಟೆ. ಕೂಸು ನಿದ್ದೆಯಲ್ಲಿತ್ತು. ತುಂತುರು ಬೀಳುತ್ತಿತ್ತು. ಮೇಲೊಂದು ಹಳೆಯ ಸೀರೆಯ ತುಂಡು ಹೊದಿಸಿದೆ.

“ನಡಿ, ನಡಿ, ಮಾಯೆ ಮಾಡಬ್ಯಾಡ,” ನಮ್ಮತ್ತೆ ಗದರಿದರು. “ಚೆಲ್ಲಿದಾಕಿ ಹಂಗ ನಡಿ.”

ಬಾಗಿಲು ಹಾಕಿಕೊಂಡು ಕುಳಿತೆವು. ತವಡು ಬಟ್ಟಲಲ್ಲಿ ತಯಾರಿತ್ತು. ಮುಂಬಾಗಿಲ ಕಡೆಗೆ ಕಿವಿ ಇಟ್ಟೆವು. ಒಲೆಯ ಮೇಲಿನ ನೀರು ಕಾಯಿತು, ಕುದಿಯಿತು, ಕೂಗು ಬರಲಿಲ್ಲ. ನಾನು ಏಳಹೋದರೆ ನಮ್ಮತ್ತೆ ಕೈ ಹಿಡಿದು ಕೂಡಿಸುವರು. ಕೊನೆಗೆ ಹುಸೇನವ್ವ ಬಂದಳು, ಆದರೆ ಕೈ ಖಾಲಿ.

“ಮಳಿ ಸಲುವಾಗಿ ತಡಾತವಾ,” ಅಂದು ನನ್ನ ಕಡೆ ತಿರುಗಿದಳು. “ಏ ನೀಲವ್ವಾ, ತಿಪ್ಪಿ ಮ್ಯಾಲೆ ಬರೇ ಮೊರ ಐತಲ್ಲ, ಕೂಸು ಇನ್ನೂ ಇಟ್ಟಿಲ್ಲೇನು?”

ಆಮೇಲೆ ನಾನು ಹೇಗೆ ತಿಪ್ಪೆಯವರೆಗೆ ಹೋದೆನೋ ಗೊತ್ತಿಲ್ಲ. ನಾಯಿಯೋ ತೋಳವೋ ಎಂದು ನನ್ನ ಬಾಯಿಯಿಂದಲೇ ಬರುತ್ತಿತ್ತು. ನಮ್ಮ ಮನೆಯವರು ಬಗ್ಗಿ ನೆಲ ನೋಡಿದರು. ಹಸಿ ಮಣ್ಣಿನಲ್ಲಿ ಬೂಟಿನ ಗುರುತು, ಅದರ ಪಕ್ಕಕ್ಕೆ ಹಾವು ಹರಿದಂತೆ ಒಂದೇ ಒಂದು ಗೆರೆ. ಸೈಕಲ್ಲಿನ ಗಾಲಿ. ಗೆರೆ ಸವಣೂರಿನ ದಾರಿ ಹಿಡಿದಿತ್ತು. ಶಾಂತಾಬಾಯಿಯನ್ನು ಹುಬ್ಬಳ್ಳಿಯ ಬೆಳಗಿನ ರೈಲಿಗೆ ಹತ್ತಿಸಿ ಮಿಸ್ಸಬಾಯಿ ಆ ದಾರಿಯಲ್ಲೇ ಹಿಂತಿರುಗಿದ್ದರು. ಹೇಳುವವರು ಜೊತೆಗೆ ಯಾರೂ ಇರಲಿಲ್ಲ.

ಬಾಣಂತಿ ಹೊರಗೆ ಬರಬಾರದು ಎಂದು ಯಾರೋ ಅಂದರು. ನಾನು ಆಗಲೇ ಗಾಡಿಯಲ್ಲಿದ್ದೆ. ನಮ್ಮತ್ತೆ ತವಡಿನ ಗಂಟು ಕಟ್ಟಿಕೊಂಡು ಹತ್ತಿದರು. ದಾರಿಯುದ್ದಕ್ಕೂ ಎರೆಮಣ್ಣು ಗಾಲಿಗೆ ಮೆತ್ತಿ ಎತ್ತುಗಳು ಎಳೆಯಲಾರದೆ ನಿಂತುಬಿಡುತ್ತಿದ್ದವು. ನಮ್ಮ ಮನೆಯವರು ಇಳಿದು ಗಾಲಿಗೆ ಹೆಗಲು ಕೊಡುವರು, ಮತ್ತೆ ಹತ್ತುವರು. ನಮ್ಮತ್ತೆ ಒಮ್ಮೆ, “ತಲಿಗೆ ನೀರು ಹಾಕಿ ತಮ್ಮ ಜಾತಿಗೆ ಸೇರಿಸಿದ್ರ ಏನು ಮಾಡೂದು?” ಅಂದರು.

“ನನಗ ಕೂಸು ಬೇಕ್ರಿ ಅತ್ತೀ, ಜಾತಿ ನೀವು ನೋಡ್ಕೊರಿ,” ಅಂದೆ. ಅದಕ್ಕೂ ಮುಂಚೆ ನಾನು ಅವರಿಗೆ ಎದುರು ಮಾತಾಡಿದವಳಲ್ಲ.

ಸವಣೂರಿನ ಆ ಮನೆಯ ಬಾಗಿಲು ಹಾಕಿತ್ತು. ಒಳಗೆ ನನ್ನ ಕೂಸು ಅಳುತ್ತಿತ್ತು. ನಾವು ಬಾಗಿಲು ಬಡಿದೆವು. ಮಿಸ್ಸಬಾಯಿ ಕಿಟಕಿಗೆ ಬಂದರು. ನಮ್ಮನ್ನು ನೋಡಿದ ಕೂಡಲೆ ಅವರ ಮುಖ ಕೆಂಡದಂತಾಯಿತು. ಯಾರ ಕೂಸೆಂದು ಅವರಿಗೆ ತಿಳಿದುಹೋಗಿತ್ತು. ಚೆಲ್ಲಿದವರು ಇವರೇ ಎಂಬುದೂ.

“ಹೋಗಿರಿ!” ಅಂದರು. ಪುಸ್ತಕದಲ್ಲಿ ಕಲಿತ ಕನ್ನಡ. “ನೀವು ಕೆಟ್ಟ ಜನರು. ಮಗುವನ್ನು ಕೊಡುವುದಿಲ್ಲ.”

“ಯಾರಿಗೆ ಕೆಟ್ಟ ಜನ ಅಂತೀಯವಾ?” ನಮ್ಮತ್ತೆ ಸೆರಗು ಸಿಗಿಸಿದರು. “ಕದ್ದಾಕಿ ನೀನು!”

“ಸುಮ್ಮನಿರಬೇ ಯವ್ವಾ,” ಅನ್ನುತ್ತ ನಮ್ಮ ಮನೆಯವರು ತವಡಿನ ಗಂಟನ್ನು ಕಿಟಕಿಯತ್ತ ಚಾಚಿದರು. ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ. ಮಿಸ್ಸಬಾಯಿ ಗಂಟನ್ನು ಬಿಚ್ಚಿ ನೋಡಿದರು. ತವಡು. ದನಕ್ಕೆ ಹಾಕುವ ತವಡು. ಅವರು ಏನು ತಿಳಿದರು ಗೊತ್ತೇ? ತಿನ್ನಲು ತವಡು ಬಿಟ್ಟರೆ ಇವರಿಗೆ ಬೇರೆ ಗತಿಯಿಲ್ಲ, ಹಸಿವಿಗೆ ಕೂಸನ್ನು ಎಸೆದಿದ್ದಾರೆ ಎಂದು. ಅವರ ಸಿಟ್ಟೆಲ್ಲ ಇಳಿದುಹೋಯಿತು. ಒಳಗೆ ಹೋಗಿ ಒಂದು ಚೀಲದಲ್ಲಿ ಅಕ್ಕಿ ತಂದು, ಗಂಟಿನ ಜೊತೆ ಕಿಟಕಿಯಿಂದ ನಮ್ಮ ಮನೆಯವರ ಕೈಗೆ ನೀಡಿದರು. ತೆಗೆದುಕೊಳ್ಳಿರಿ, ತಿನ್ನಿರಿ ಎಂದು ಬಾಯಿಗೆ ಕೈ ಒಯ್ದು ತೋರಿಸಿದರು. ಕಣ್ಣಲ್ಲಿ ನೀರಿತ್ತು.

“ಮುಟ್ಟಬ್ಯಾಡೋ!” ನಮ್ಮತ್ತೆ ಕಿರುಚಿದ್ದಕ್ಕೆ ಓಣಿಯೇ ಹೊರಬಂದಿತು. “ಆ ಅಕ್ಕಿ ಮುಟ್ಟಿದ್ರ ಕೂಸು ಆಕಿದಾತು! ಮುಟ್ಟಬ್ಯಾಡ!”

ನಮ್ಮ ಮನೆಯವರು ತವಡಿನ ಗಂಟನ್ನಷ್ಟೇ ಹಿಡಿದು ಕೈ ಹಿಂದಕ್ಕೆ ಎಳೆದುಕೊಂಡರು. ಚೀಲ ಕೆಳಗೆ ಬಿದ್ದು ಅಕ್ಕಿಯೆಲ್ಲ ಮಳೆನೀರಿನಲ್ಲಿ ಚೆಲ್ಲಿತು. ಒಳ್ಳೆಯ ಅಕ್ಕಿ. ಮಿಸ್ಸಬಾಯಿ ಅದನ್ನೂ ನೋಡಿದರು, ನಮ್ಮನ್ನೂ ನೋಡಿದರು. ಹಸಿದವರು ಅಕ್ಕಿಯನ್ನು ಯಾಕೆ ಬೇಡವೆನ್ನುತ್ತಾರೆ ಎಂದು ತಿಳಿಯದೆ ಕಿಟಕಿಯ ಸರಳು ಹಿಡಿದು ನಿಂತರು.

ಅಷ್ಟರಲ್ಲಿ ಕೂಸು ಜೋರಾಗಿ ಅತ್ತಿತು. ಹಸಿವಿನ ಅಳು. ಬೆಳಗಿನಿಂದ ಕುಡಿಸಿರಲಿಲ್ಲ. ಆ ಅಳುವಿಗೆ ನನ್ನ ಎದೆ ತಾನೇ ತಾನಾಗಿ ಸುರಿಯತೊಡಗಿತು. ಕುಪ್ಪಸ ತೊಯ್ದು, ಸೆರಗು ತೊಯ್ದು, ಹಾಲು ಹೊಟ್ಟೆಯ ಮೇಲೆ ಇಳಿಯಿತು. ಅಷ್ಟು ಜನರ ಮುಂದೆ. ನಾನು ಮುಚ್ಚಿಕೊಳ್ಳಲಿಲ್ಲ. ಕಿಟಕಿಗೆ ಹೋಗಿ ನಿಂತೆ.

ಬಾಣಂತಿಯರನ್ನು ನೋಡಿಕೊಳ್ಳುವ ಕೆಲಸ ಕಲಿತವರಿಗೆ ಅದನ್ನು ಯಾರೂ ತಿಳಿಸಿ ಹೇಳಬೇಕಿರಲಿಲ್ಲ. ಅವರು ನನ್ನ ಕುಪ್ಪಸ ನೋಡಿದರು, ಮುಖ ನೋಡಿದರು. ಬಾಗಿಲ ಅಗಳಿ ತೆಗೆದ ಸಪ್ಪಳ ಕೇಳಿಸಿತು.

ಕೂಸಿಗೆ ಬೆಳ್ಳನೆಯ ಅಂಗಿ ತೊಡಿಸಿದ್ದರು. ನನ್ನ ಕೈಗೆ ಕೊಡುವಾಗ ಅವರ ಕೈ ಬೇಗ ಬಿಡಲಿಲ್ಲ. ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತು ಕುಡಿಸಿದೆ. ತಲೆ ಮೂಸಿದರೆ ನನ್ನ ಕೂಸಿನ ವಾಸನೆಯೇ ಇಲ್ಲ, ಆ ಕೆಂಪು ಸಾಬೂನಿನ ವಾಸನೆ. ನಮ್ಮತ್ತೆ ಒದ್ದೆ ಕೂದಲು ಮುಟ್ಟಿ, “ನೀರು ಹಾಕ್ಯಾಳ, ನೋಡು,” ಎಂದು ಗೊಣಗಿದರು. ಆದರೂ ಮುಂದೆ ಹೋಗಿ ಗಂಟಿನಿಂದ ಹಿಡಿ ತವಡು ತೆಗೆದು ಮಿಸ್ಸಬಾಯಿಯ ಅಂಗೈಗೆ ಹಾಕಿ, ಬೆರಳು ಮಡಿಚಿ ಮುಷ್ಟಿ ಕಟ್ಟಿದರು. ಮಿಸ್ಸಬಾಯಿ ಆ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಒರಗಿ ನಿಂತೇ ಇದ್ದರು. ಕೂಸು ಕುಡಿದು ಮುಗಿಸುವವರೆಗೂ ನಮ್ಮಿಬ್ಬರನ್ನು ನೋಡುತ್ತ. ಆಮೇಲೆ ಒಳಗಿನಿಂದ ಒಣಗಿದ ಟವೆಲು ತಂದು ನನ್ನ ತಲೆಯ ಮೇಲೆ ಹೊದಿಸಿದರು.

ಶಾಂತಾಬಾಯಿ ಹುಬ್ಬಳ್ಳಿಯಿಂದ ಬಂದ ಮೇಲೆ ಎಲ್ಲ ಬಿಡಿಸಿ ಹೇಳಿದರಂತೆ. ಕೂಸಿಗೆ ಹಾಕಿದ್ದು ಬರೀ ಸ್ನಾನದ ನೀರು ಎಂದು ನಮಗೂ ಹೇಳಿ ಕಳಿಸಿದರು. ಮಿಸ್ಸಬಾಯಿ ಒಂದು ದಿನ ಪೂರ್ತಿ ಕೋಣೆಯಿಂದ ಹೊರಬರಲಿಲ್ಲವಂತೆ. ಆಮೇಲೆ ಹೇಳಿದರಂತೆ: “ಗಾಡಿಯಲ್ಲಿ ಬರುವಾಗ ನಾನು ಅತ್ತದ್ದು ತಿರುಗಿ ಹೋಗಬೇಕೆಂದು. ಹೋಗಲು ಹಡಗಿರಲಿಲ್ಲ. ಇಷ್ಟು ತಿಂಗಳು ಯಾರಿಗೂ ನಾನು ಬೇಕಾಗಲಿಲ್ಲ. ಆ ಬೆಳಗ್ಗೆ ತಿಪ್ಪೆಯ ಮೇಲೆ ಮಗುವನ್ನು ಕಂಡಾಗ, ದೇವರು ನನ್ನನ್ನು ಇಷ್ಟು ದೂರ ಕರೆತಂದದ್ದು ಇದಕ್ಕೇ ಎಂದುಕೊಂಡೆ.” ಕೂಸಿಗೆ ಅವರು ಒಂದು ಹೆಸರನ್ನೂ ಇಟ್ಟಿದ್ದರಂತೆ. ಏನು ಹೆಸರೆಂದು ಶಾಂತಾಬಾಯಿಗೂ ಹೇಳಲಿಲ್ಲ.

ನಾವು ತಿಪ್ಪವ್ವ ಎಂದು ಹೆಸರಿಟ್ಟೆವು. ಜಾತಿಯ ಪಂಚಾಯ್ತಿಗೆ ನಾಲ್ಕು ಜನ ಬಂದರೆ ನಮ್ಮತ್ತೆ ಒಂದೇ ಮಾತಿನಲ್ಲಿ ಕಳಿಸಿದರು. “ತಿಪ್ಪಿ ಮ್ಯಾಲಿನ ಕೂಸಿಗೆ ಎಲ್ಲೀ ಜಾತಿ? ನಾ ತವಡು ಕೊಟ್ಟು ಕೊಂಡಮ್ಯಾಲೆ ಬಂದೈತಿ ಜಾತಿ. ಚಾ ಕುಡದು ಹೋಗ್ರಿ.” ಅಷ್ಟೇ ಅಲ್ಲ, ಎತ್ತಿದವಳಿಗೆ ಕೊಡಬೇಕಾದ ಮರ್ಯಾದೆ ಬಿಡಬಾರದೆಂದು ಮಿಸ್ಸಬಾಯಿಯನ್ನು ಮನೆಗೆ ಕರೆಸಿ, ಮಣೆಯ ಮೇಲೆ ಕೂಡಿಸಿ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದರು. ಮಿಸ್ಸಬಾಯಿಗೆ ಉಡಿ ಒಡ್ಡಲು ಸೆರಗೆಲ್ಲಿಯದು? ಫ್ರಾಕಿನ ಅಂಚನ್ನೇ ಎತ್ತಿ ಹಿಡಿದರು. ಮೊಣಕಾಲು ಕಂಡು ಹುಸೇನವ್ವ ನಕ್ಕಳು, ಅವರೂ ನಕ್ಕರು.

ಅಲ್ಲಿಂದ ಎಲ್ಲ ತಿರುಗಿತು. ನನ್ನ ಕೂಸು ಉಳಿಯಿತು, ಗುಂಡುಗುಂಡಗಾಯಿತು. ಮಿಸ್ಸಬಾಯಿ ಎತ್ತಿದರೆ ಕೂಸು ಉಳಿಯುತ್ತದೆ ಎಂದು ಮಾತು ಹಬ್ಬಿತು. ಶಿಗ್ಗಾವಿಯಿಂದ, ಹಿರೇಕೆರೂರಿನ ಹಂಸಭಾವಿಯಿಂದ ಕೂಡ ಕೂಸು ಕಳೆದುಕೊಂಡ ತಾಯಂದಿರು ಗಾಡಿ ಕಟ್ಟಿಕೊಂಡು ಬಂದರು. ಔಷಧಕ್ಕಲ್ಲ, ತಿಪ್ಪೆಯ ಮೇಲಿಂದ ಎತ್ತಿಸಿಕೊಳ್ಳಲು. ಮೊದಲು ಅವರು ಒಲ್ಲೆನೆಂದರು. ತಮ್ಮ ಧರ್ಮಕ್ಕೆ ಅದು ಸಲ್ಲದ್ದು. ಆಮೇಲೆ ಒಂದು ಕರಾರು ಹಾಕಿದರು. ಅಷ್ಟು ಹೊತ್ತಿಗೆ ನಮ್ಮ ಮಾತೂ ಬರತೊಡಗಿತ್ತು.

“ಎತ್ತತೇನಿ. ಆದ್ರ ಆಮ್ಯಾಲೆ ನಾ ಹೇಳಿದಂಗ ಕೇಳಬೇಕ್ರಿ. ನೀರು ಕಾಸಿ ಕುಡಸಬೇಕು. ಔಷಧ ಕೊಡಬೇಕು.”

ಹಾಗೆ ಎಷ್ಟೋ ಕೂಸುಗಳನ್ನು ಎತ್ತಿದರು. ಸವಣೂರಿನ ಬಾಗಿಲಲ್ಲಿ ತಾಯಂದಿರ ಸಾಲು. ನಮ್ಮ ಮನೆಗೆ ಮಾತ್ರ ಕೆಲಸವಿಲ್ಲದಿದ್ದರೂ ಬರುವರು. ಸೈಕಲ್ಲನ್ನು ಬೇವಿನ ಗಿಡಕ್ಕೆ ಒರಗಿಸಿ, ತಿಪ್ಪವ್ವನನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕೂರುವರು. ಕಿವಿಯಲ್ಲಿ ಏನೋ ಹೇಳುವರು, ತಮ್ಮ ಭಾಷೆಯಲ್ಲಿ. ಆ ಹೆಸರೇ ಇರಬೇಕು. ನಾನು ಆಗ ಒಳಗೆ ಹೋಗಿ ಸುಮ್ಮನೆ ಒಲೆ ಊದುತ್ತಿದ್ದೆ. ಹೋಗುವಾಗ ಕೂಸನ್ನು ನನಗೆ ಕೊಟ್ಟು, “ನಿಮ್ಮ ಮಗಳು,” ಅನ್ನುವರು. ಪ್ರತಿ ಸಲ ಹೇಳಬೇಕಿತ್ತೇ? ಹೇಳುವರು.

ತಿಪ್ಪೆಯ ಸುದ್ದಿ ಪಾದ್ರಿ ಸಾಹೇಬರ ಕಿವಿಗೂ ಬಿತ್ತು. ಇಲ್ಲಸಲ್ಲದ ನಂಬಿಕೆ ಬಿಡಿಸಲು ಬಂದವಳು ಅದನ್ನೇ ನಡೆಸುತ್ತಿದ್ದಾಳೆ ಎಂದು ಅವರಿಗೆ ಬೇಸರವಾಯಿತು. ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಮಿಸ್ಸಬಾಯಿಯನ್ನೂ ಶಾಂತಾಬಾಯಿಯನ್ನೂ ಹಾನಗಲ್ಲಿಗೆ ಕಳಿಸಿದರು. ಹಾನಗಲ್ಲು ಆಗ ಭತ್ತದ ಗದ್ದೆಯ ಊರು, ಕೆರೆಯ ಊರು, ಸೊಳ್ಳೆಯ ಊರು. ಚಳಿಜ್ವರಕ್ಕೆ ಹೆಸರಾದದ್ದು. ಹೋಗುವ ದಿನ ಮಿಸ್ಸಬಾಯಿ ನಮ್ಮ ಮನೆಗೆ ಬಂದರು. ತಿಪ್ಪವ್ವ ಆಗ ಅಂಬೆಗಾಲಿಡುತ್ತಿದ್ದಳು. ಅವರ ಬೂಟಿನ ದಾರ ಹಿಡಿದು ಬಿಡಲಿಲ್ಲ.

“ಬಿಡಸ್ರಿ ನೀಲವ್ವಾ,” ಅಂದರು. “ನನ್ನ ಕೈಲೆ ಆಗೂದಿಲ್ಲ.”

ಮಳೆ ಮತ್ತೆ ಹತ್ತಿದ ಮೇಲೆ ಸುದ್ದಿ ಬಂತು. ಮಿಸ್ಸಬಾಯಿಗೆ ಜ್ವರ, ನೆತ್ತಿಗೇರಿದೆ. ಶಾಂತಾಬಾಯಿ ಗಾಡಿಯವರ ಕೈಯಲ್ಲಿ ಹೇಳಿ ಕಳಿಸಿದ್ದರು: ಕೂಸನ್ನೊಮ್ಮೆ ತೋರಿಸುವುದಾದರೆ ಬರ್ರಿ. ಅವತ್ತು ಗಾಡಿ ಹೂಡಲು ಹೇಳಿದವರು ನಮ್ಮತ್ತೆ. ಸವಣೂರು, ಶಿಗ್ಗಾವಿ ದಾಟಿ ಹೊರಟೆವು. ದಾರಿಯಲ್ಲಿ ತಿಪ್ಪವ್ವ ಎತ್ತಿನ ಗಂಟೆಗೆ ಕೈ ತಟ್ಟಿ ನಗುತ್ತಿದ್ದಳು. ಮುಖ ತೊಳೆದು, ಕಾಡಿಗೆ ಹಚ್ಚಿ, ಅವರೇ ಕೊಟ್ಟಿದ್ದ ಬಿಳಿ ಅಂಗಿ ಬಿಗಿಯಾದರೂ ತೊಡಿಸಿದ್ದೆ.

ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆರೆಯ ಆಚೆ ಕ್ರಿಸ್ತರ ಮಣ್ಣು ಮಾಡುವ ಜಾಗಕ್ಕೆ ಒಯ್ದಿದ್ದಾರೆ ಅಂದರು. ಗಾಡಿಯನ್ನು ಅಲ್ಲಿಗೇ ಹೊಡೆದೆವು. ಹೊಸ ಹಲಗೆಯ ಪೆಟ್ಟಿಗೆಯನ್ನು ಆಗಲೇ ಕುಣಿಗೆ ಇಳಿಸಿದ್ದರು. ಪಾದ್ರಿ ಸಾಹೇಬರು, ಅವರ ಹೆಂಡತಿ, ಶಾಂತಾಬಾಯಿ, ನಾಲ್ಕಾರು ಮನೆಯವರು. ಅಷ್ಟೇ ಜನ. ಕೂಸುಗಳನ್ನು ಎತ್ತಿಸಿಕೊಂಡ ತಾಯಂದಿರಿಗೆ ಯಾರು ಹೇಳಬೇಕು?

ನಮ್ಮತ್ತೆ ಕುಣಿಯನ್ನು ಬಗ್ಗಿ ನೋಡಿ ಮೆಲ್ಲಗೆ, “ನಮ್ಮಂಗ ಕುಂದ್ರಸೂದಿಲ್ಲೇನು ಇವರು? ಮಲಗಸ್ಯಾರಲ್ಲ,” ಅಂದರು. ಆಮೇಲೆ, “ಹೋಗ್ಲಿ, ದಣದಿದ್ಲು. ಮಲಗ್ಲಿ,” ಅಂದರು.

ಪಾದ್ರಿ ಸಾಹೇಬರು ಪುಸ್ತಕ ಮುಚ್ಚಿ ಮಣ್ಣು ಕೊಡಲು ಸುತ್ತ ನೋಡಿದರು. ಮೊದಲ ಮಣ್ಣು ಮನೆಯವರದು. ಮನೆಯವರು ಸಮುದ್ರದ ಆಚೆ ಇದ್ದರು, ಅವರಿಗೆ ಇನ್ನೂ ಸುದ್ದಿಯೇ ಹೋಗಿರಲಿಲ್ಲ. ಸಾಹೇಬರು ತಾವೇ ಬಗ್ಗಹೋದರು.

“ತಡೀರಿ,” ಅಂದರು ನಮ್ಮತ್ತೆ. “ಮಗಳು ಬಂದಾಳ.”

ಸಾಹೇಬರು ಶಾಂತಾಬಾಯಿಯ ಮುಖ ನೋಡಿದರು. ಶಾಂತಾಬಾಯಿ ಅಳುತ್ತಲೇ, “ಹೌದ್ರಿ ಸಾಹೇಬ್ರ. ಬಾಯಿಯವರ ಮಗಳು,” ಅಂದರು. ಸಾಹೇಬರು ತಿಪ್ಪವ್ವನ ಅಂಗಿ ನೋಡಿದರು. ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡೇ ಪಕ್ಕಕ್ಕೆ ಸರಿದರು.

ನಾನು ಅವಳನ್ನು ಕುಣಿಯ ಅಂಚಿಗೆ ಒಯ್ದು ನಿಲ್ಲಿಸಿದೆ. ಆಗಷ್ಟೇ ನಿಲ್ಲಲು ಕಲಿಯುತ್ತಿದ್ದಳು. ಶಾಂತಾಬಾಯಿ ರಟ್ಟೆ ಹಿಡಿದುಕೊಂಡು ಅವಳ ಮುಷ್ಟಿಗೆ ಮಣ್ಣು ಕೊಟ್ಟರು. ನಮ್ಮತ್ತೆ ನನ್ನ ಸೆರಗು ಜಗ್ಗಿದರು.

“ನೀ ಹಿಂದಕ್ಕ ಬಾ ನೀಲವ್ವಾ. ಇಷ್ಟು ಮುಗಿಯೂತನಕ ಆಕಿ ನಿನ್ನ ಮಗಳಲ್ಲ.”

ನಾನು ಹಿಂದೆ ಸರಿದು, ಗುರುತಿಲ್ಲದ ಹೆಂಗಸರ ನಡುವೆ ನಿಂತೆ. ತಿಪ್ಪವ್ವನ ಕೈಯಿಂದ ಮಣ್ಣು ಉದುರಿ ಹಲಗೆಯ ಮೇಲೆ ಬಿತ್ತು. ಆ ಸಪ್ಪಳಕ್ಕೆ ಬೆದರಿದಳೋ ಏನೋ, ಕುಣಿಯ ಕಡೆಗೇ ಬಗ್ಗಿ, “ಅವ್ವಾ,” ಎಂದು ಕೂಗಿದಳು. ಆಗ ತಾನೇ ಬರತೊಡಗಿದ್ದ ಮಾತು ಅದು. ಮತ್ತೆ ಕೂಗಿದಳು.

ನಾನು “ಓ” ಅನ್ನಲಿಲ್ಲ.